ಕೊಂಡ ಮೇಲೂ ಬದಲಾಗುವ ವಾಹನ: ವಿದ್ಯುತ್ ಕಾರಿನ ತಂತ್ರಾಂಶ ಮತ್ತು ಬ್ರೌಸರ್

ಯಂತ್ರವೊಂದನ್ನು ಕೊಂಡ ದಿನವೇ ಅದರ ಗುಣದೋಷಗಳು ನಿಶ್ಚಿತವಾಗಿಬಿಡುತ್ತವೆ ಎಂಬುದು ಬಹುಕಾಲದ ತಿಳಿವಳಿಕೆ. ಹೊಲಿಗೆ ಯಂತ್ರ, ಪವರ್‌ಲೂಮ್, ಪಂಪ್‌ಸೆಟ್, ಮೋಟಾರ್ ಸೈಕಲ್ಲು ಇವೆಲ್ಲ ಮನೆಗೆ ಬಂದಾಗ ಹೇಗಿದ್ದವೋ ಹಾಗೆಯೇ ಇರುತ್ತವೆ. ಕಾಲ ಕಳೆದಂತೆ ಸವೆಯುತ್ತವೆ, ಕೆಡುತ್ತವೆ, ದುರಸ್ತಿಗೊಳ್ಳುತ್ತವೆ. ಆದರೆ ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ ಹೊಸದೊಂದು ಗುಣವನ್ನು ತಾವಾಗಿ ಪಡೆಯುವುದಿಲ್ಲ, ಇದ್ದ ಗುಣವನ್ನು ಕಳೆದುಕೊಳ್ಳುವುದೂ ಇಲ್ಲ. ಈ ತಿಳಿವಳಿಕೆಯನ್ನು ಬುಡಸಹಿತ ಅಲುಗಿಸಿದ ವಸ್ತು ಮೊದಲು ಮೊಬೈಲ್ ಫೋನು, ಅನಂತರ ವಿದ್ಯುತ್ ಕಾರು.

ಅಮೆರಿಕದ ಟೆಸ್ಲಾ ಕಂಪನಿಯು 2012ರ ಜೂನ್ ತಿಂಗಳಲ್ಲಿ ಮಾಡೆಲ್ ಎಸ್ ಎಂಬ ಕಾರನ್ನು ಗ್ರಾಹಕರಿಗೆ ಒಪ್ಪಿಸತೊಡಗಿತು. ಚಾಲಕನ ಬದಿಯಲ್ಲಿ 17 ಅಂಗುಲದ ಸ್ಪರ್ಶಪರದೆ, ಅದರಲ್ಲಿ ನಕ್ಷೆ, ಸಂಗೀತ, ಹವಾನಿಯಂತ್ರಣ, ಜತೆಗೆ ಅಂತರಜಾಲವನ್ನು ತೆರೆಯುವ ಬ್ರೌಸರ್. ಇವೆಲ್ಲಕ್ಕೂ ಮಿಗಿಲಾಗಿ, ಕಾರಿನ ತಂತ್ರಾಂಶವನ್ನು ದೂರದಿಂದಲೇ ಬದಲಿಸುವ ವ್ಯವಸ್ಥೆ. ಅಂದಿನಿಂದ ಇಂಥ ಕಾರುಗಳ ಮಾಲೀಕರು ಒಂದೆಡೆ ಸೇರಿದರೆ ಮಾತು ಎಂಜಿನ್ನಿನತ್ತ, ಮೈಲೇಜಿನತ್ತ ಹೋಗುವುದಕ್ಕಿಂತ ಹೆಚ್ಚಾಗಿ ಇನ್ನೊಂದೆಡೆಗೆ ಹೊರಳುತ್ತದೆ: ಹೊಸ ಅಪ್‌ಡೇಟ್ ಬಂತೇ, ಎಷ್ಟನೆಯ ಸಂಖ್ಯೆಯದು, ಏನು ಸೇರಿತು, ಏನು ಹೋಯಿತು, ಬ್ರೌಸರ್ ಈಗಲಾದರೂ ವೇಗವಾಯಿತೇ? ಮೇಲುನೋಟಕ್ಕೆ ಇದು ಹವ್ಯಾಸಿಗಳ ಹರಟೆಯಂತೆ ಕಂಡರೂ ಅದರ ಒಡಲಲ್ಲಿ ಒಡೆತನ, ಸುರಕ್ಷತೆ ಮತ್ತು ಭಾಷೆ ಎಂಬ ಮೂರು ಗಂಭೀರ ಪ್ರಶ್ನೆಗಳು ಅಡಗಿವೆ. ಅವುಗಳನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪರಿಷ್ಕರಣೆ ಕಾರಿಗೆ ಬರುವ ಬಗೆ

ಇಂದಿನ ಕಾರಿನಲ್ಲಿ ಒಂದೇ ಗಣಕವಿಲ್ಲ. ಹತ್ತಾರು ಚಿಕ್ಕ ಗಣಕಗಳಿವೆ. ಬ್ರೇಕಿಗೊಂದು, ಸ್ಟಿಯರಿಂಗಿಗೊಂದು, ಬ್ಯಾಟರಿಗೊಂದು, ಬಾಗಿಲು ಕಿಟಕಿಗಳಿಗೊಂದು. ಇವು ಪರಸ್ಪರ ಸಂದೇಶ ಕಳಿಸಿಕೊಳ್ಳಲು ಜರ್ಮನಿಯ ಬಾಷ್ ಕಂಪನಿಯು 1986ರಲ್ಲಿ ಲೋಕಕ್ಕೆ ಪರಿಚಯಿಸಿದ ಕ್ಯಾನ್ ಎಂಬ ತಂತಿಜಾಲವನ್ನು ಇಂದಿಗೂ ಬಹುಪಾಲು ವಾಹನಗಳು ಬಳಸುತ್ತವೆ. ಪರದೆಯ ಹಿಂದಿರುವ ಗಣಕ ಇವೆಲ್ಲಕ್ಕಿಂತ ದೊಡ್ಡದು. ಹೊರಲೋಕದೊಡನೆ ಮಾತನಾಡುವುದು ಅದೇ. ಪರದೆಯ ಗಣಕಕ್ಕೂ ಬ್ರೇಕು ಸ್ಟಿಯರಿಂಗುಗಳ ತಂತಿಜಾಲಕ್ಕೂ ನಡುವೆ ಗೇಟ್‌ವೇ ಎಂಬ ಕಾವಲುಗಾರನಿರುತ್ತಾನೆ. ಯಾವ ಸಂದೇಶ ಒಳಗೆ ಹೋಗಬಹುದು, ಯಾವುದು ಕೂಡದು ಎಂದು ತೀರ್ಮಾನಿಸುವುದು ಅವನ ಕೆಲಸ.

ಕಂಪನಿಯಲ್ಲಿ ಸಿದ್ಧವಾದ ಹೊಸ ತಂತ್ರಾಂಶಕ್ಕೆ ಮೊದಲು ಗಣಿತದ ಮುದ್ರೆಯೊಂದನ್ನು ಒತ್ತಲಾಗುತ್ತದೆ. ರಾಜಪತ್ರಕ್ಕೆ ಅರಗಿನ ಮುದ್ರೆ ಇದ್ದಂತೆ ಇದು. ಮುದ್ರೆ ಒತ್ತುವ ರಹಸ್ಯದ ಕೀಲಿ ಕಂಪನಿಯ ಬಳಿ ಮಾತ್ರ ಇರುತ್ತದೆ. ಮುದ್ರೆ ಸಾಚಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವ ಕೀಲಿ ಪ್ರತಿ ಕಾರಿನಲ್ಲೂ ಇರುತ್ತದೆ. ಮನೆಯ ವೈ-ಫೈ ಅಥವಾ ಮೊಬೈಲ್ ಜಾಲದ ಮೂಲಕ ತಂತ್ರಾಂಶ ಇಳಿದ ಮೇಲೆ ಕಾರು ಮುದ್ರೆಯನ್ನು ಪರಿಶೀಲಿಸುತ್ತದೆ. ಒಂದಕ್ಷರ ಬದಲಾಗಿದ್ದರೂ ತಿರಸ್ಕರಿಸುತ್ತದೆ.

ಸ್ಥಾಪನೆಯಲ್ಲಿಯೂ ಒಂದು ಜಾಣ್ಮೆಯಿದೆ. ಎಚ್ಚರದಿಂದ ರೂಪಿಸಿದ ವ್ಯವಸ್ಥೆಗಳಲ್ಲಿ ಗಣಕದ ಸ್ಮೃತಿಕೋಶದಲ್ಲಿ ಎರಡು ಮನೆಗಳನ್ನು ಮಾಡಿಡುತ್ತಾರೆ. ಒಂದರಲ್ಲಿ ಈಗ ನಡೆಯುತ್ತಿರುವ ತಂತ್ರಾಂಶ, ಇನ್ನೊಂದು ಖಾಲಿ. ಹೊಸದನ್ನು ಖಾಲಿ ಮನೆಯಲ್ಲಿ ತುಂಬಿಸಿ, ಎಲ್ಲವೂ ಸರಿಯಿದೆಯೆಂದು ಖಾತ್ರಿಯಾದ ಮೇಲೆ ಗಣಕವು ಅಲ್ಲಿಂದ ಎಚ್ಚರಗೊಳ್ಳುತ್ತದೆ. ಎಡವಟ್ಟಾದರೆ ಹಳೆಯ ಮನೆಗೆ ಮರಳುತ್ತದೆ. ಸ್ಥಾಪನೆ ನಡೆಯುವಷ್ಟು ಹೊತ್ತು, ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸು, ಕಾರನ್ನು ಓಡಿಸುವಂತಿಲ್ಲ. ಆದ್ದರಿಂದಲೇ ಮಾಲೀಕರು ಈ ಕೆಲಸಕ್ಕೆ ರಾತ್ರಿಯ ವೇಳೆಯನ್ನು ಗೊತ್ತುಮಾಡುತ್ತಾರೆ.

ಟೆಸ್ಲಾದ ಪರಿಷ್ಕರಣೆಗಳ ಸಂಖ್ಯೆಯಲ್ಲಿ ಮೊದಲ ಭಾಗ ವರ್ಷವನ್ನು, ಎರಡನೆಯ ಭಾಗ ಆ ವರ್ಷದ ವಾರವನ್ನು ಸೂಚಿಸುತ್ತದೆ. ಎಲ್ಲ ಕಾರುಗಳಿಗೂ ಅದು ಒಂದೇ ದಿನ ತಲುಪುವುದಿಲ್ಲ. ಮೊದಲು ಕೆಲವೇ ಕಾರುಗಳಿಗೆ, ತೊಂದರೆ ಕಾಣದಿದ್ದರೆ ಇನ್ನಷ್ಟಕ್ಕೆ, ಹೀಗೆ ಅಲೆಅಲೆಯಾಗಿ ಹಂಚಿಕೆಯಾಗುತ್ತದೆ. ನೆರೆಮನೆಯ ಕಾರಿಗೆ ಬಂದದ್ದು ತಮ್ಮ ಕಾರಿಗೇಕೆ ಬಂದಿಲ್ಲ ಎಂಬ ಮಾಲೀಕರ ಕೊರಗಿಗೆ ಇದೇ ಕಾರಣ. ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರದು ಮತ್ತೊಂದು ಕೊರಗು: ಮೇಲಿನ ಮಹಡಿಯ ವೈ-ಫೈ ಅಲ್ಲಿಗೆ ಎಟುಕುವುದಿಲ್ಲ.

ಮುದ್ರೆಯ ಪರಿಶೀಲನೆ ಕಾರನ್ನು ಕಾಯುತ್ತದೆ ನಿಜ. ಆದರೆ ಮುದ್ರೆಯೇ ತಪ್ಪಿದರೆ? 2023ರ ನವೆಂಬರಿನಲ್ಲಿ ಅಮೆರಿಕದ ರಿವಿಯನ್ ಕಂಪನಿ ಕಳಿಸಿದ ಪರಿಷ್ಕರಣೆಯೊಂದರಲ್ಲಿ ತಪ್ಪಾದ ಭದ್ರತಾ ಪ್ರಮಾಣಪತ್ರ ಸೇರಿಕೊಂಡಿತ್ತು. ಅದನ್ನು ಪಡೆದ ವಾಹನಗಳ ಪರದೆಗಳು ಕಪ್ಪಾದವು. ವಾಹನ ಚಲಿಸುತ್ತಿತ್ತು, ವೇಗವೆಷ್ಟೆಂದು ತೋರಿಸುವ ಪರದೆ ಮಾತ್ರ ಕಾಣುತ್ತಿರಲಿಲ್ಲ. ಹಂಚಿಕೆಯನ್ನು ಕೂಡಲೇ ನಿಲ್ಲಿಸಿದ್ದರಿಂದ ಹಾನಿ ಸೀಮಿತವಾಯಿತು. ಅಲೆಅಲೆಯಾಗಿ ಹಂಚುವುದರ ಅರ್ಥವನ್ನು ಈ ಒಂದು ಪ್ರಸಂಗವೇ ಮನಗಾಣಿಸುತ್ತದೆ.

ಲಾಭದ ಮುಖ

ದೂರದ ಪರಿಷ್ಕರಣೆಯಿಂದ ಆಗುವ ಪ್ರಯೋಜನಕ್ಕೆ ಸ್ಪಷ್ಟವಾದ ನಿದರ್ಶನ 2018ರದು. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ ಆ ವರ್ಷದ ಮೇ ತಿಂಗಳಲ್ಲಿ ಟೆಸ್ಲಾದ ಮಾಡೆಲ್ 3 ಕಾರನ್ನು ಪರೀಕ್ಷಿಸಿತು. ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಒತ್ತಿದಾಗ ಕಾರು ನಿಲ್ಲಲು 152 ಅಡಿ ಬೇಕಾಯಿತು. ಇದು ಸಾಲದು ಎಂದು ಸಂಸ್ಥೆ ಆ ಕಾರನ್ನು ಶಿಫಾರಸು ಮಾಡಲಿಲ್ಲ. ಕೆಲವೇ ದಿನಗಳಲ್ಲಿ ಕಂಪನಿ ಬ್ರೇಕಿನ ನಿಯಂತ್ರಣ ತಂತ್ರಾಂಶವನ್ನು ತಿದ್ದಿ ಕಾರುಗಳಿಗೆ ಕಳಿಸಿತು. ಮರುಪರೀಕ್ಷೆಯಲ್ಲಿ ಅದೇ ಕಾರು 133 ಅಡಿಯಲ್ಲಿ ನಿಂತಿತು. ಯಾರೂ ಸ್ಪ್ಯಾನರ್ ಹಿಡಿಯಲಿಲ್ಲ, ಗ್ಯಾರೇಜಿಗೆ ಹೋಗಲಿಲ್ಲ. 19 ಅಡಿ ಕಡಿಮೆಯಾಯಿತು. ರಸ್ತೆ ದಾಟುವ ಮಗುವಿನ ಪಾಲಿಗೆ 19 ಅಡಿ ಸಣ್ಣ ಅಂತರವಲ್ಲ.

ಇದಕ್ಕೆ ಎದುರಾಗಿ 2015ರ ಪ್ರಸಂಗವೊಂದನ್ನು ಇಟ್ಟು ನೋಡಬಹುದು. ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಇಬ್ಬರು ಭದ್ರತಾ ಸಂಶೋಧಕರು ಪೆಟ್ರೋಲಿನಿಂದ ಓಡುವ ಜೀಪ್ ಚೆರೋಕಿ ವಾಹನದೊಳಕ್ಕೆ ಮೊಬೈಲ್ ಜಾಲದ ಮೂಲಕ ನುಗ್ಗಿ, ದೂರದಿಂದಲೇ ಅದರ ಚಲನೆಯನ್ನು ನಿಯಂತ್ರಿಸಿ ತೋರಿಸಿದರು. ಕಂಪನಿ ಸುಮಾರು 14 ಲಕ್ಷ ವಾಹನಗಳಿಗೆ ತಿದ್ದುಪಡಿ ಮಾಡಬೇಕಾಯಿತು. ಗಾಳಿಯಲ್ಲಿ ಕಳಿಸುವ ವ್ಯವಸ್ಥೆ ಇಲ್ಲದ್ದರಿಂದ ಮಾಲೀಕರಿಗೆ ಅಂಚೆಯ ಮೂಲಕ ಯುಎಸ್‌ಬಿ ಕಡ್ಡಿಗಳನ್ನು ರವಾನಿಸಲಾಯಿತು. ಅಂಚೆಯಲ್ಲಿ ಬಂದ ಕಡ್ಡಿಯನ್ನು ನಂಬಿ ವಾಹನಕ್ಕೆ ಚುಚ್ಚುವುದು ಎಷ್ಟು ಕ್ಷೇಮ ಎಂಬ ಪ್ರಶ್ನೆ ಆಗಲೇ ಎದ್ದಿತು.

ನಷ್ಟದ ಮುಖ

ಕೊಡುವ ಕೈಗೆ ಕಸಿಯುವ ಶಕ್ತಿಯೂ ಇರುತ್ತದೆ. 2019ರಲ್ಲಿ ಹಾಂಗ್‌ಕಾಂಗ್ ಮತ್ತು ಶಾಂಘೈ ನಗರಗಳಲ್ಲಿ ನಿಲ್ಲಿಸಿದ್ದ ಟೆಸ್ಲಾ ಕಾರುಗಳಿಗೆ ಬೆಂಕಿ ಹೊತ್ತಿಕೊಂಡಿತು. ಆ ವರ್ಷದ ಮೇ ತಿಂಗಳಲ್ಲಿ ಕಂಪನಿ ಎಚ್ಚರಿಕೆಯ ಕ್ರಮವಾಗಿ ಬ್ಯಾಟರಿಯ ಚಾರ್ಜಿಂಗ್ ನಿಯಂತ್ರಿಸುವ ಪರಿಷ್ಕರಣೆಯನ್ನು ಕಳಿಸಿತು. ಕೆಲವು ಹಳೆಯ ಮಾಡೆಲ್ ಎಸ್ ಕಾರುಗಳ ಮಾಲೀಕರು ಮರುದಿನ ನೋಡಿದರೆ, ಪೂರ್ತಿ ಚಾರ್ಜಾದರೂ ಮೊದಲಿನಷ್ಟು ದೂರ ಕಾರು ಓಡದು. ವಿಷಯ ಅಮೆರಿಕದ ನ್ಯಾಯಾಲಯಕ್ಕೆ ಹೋಗಿ, 2021ರಲ್ಲಿ 1,743 ಕಾರುಗಳಿಗೆ ಸಂಬಂಧಿಸಿದಂತೆ 15 ಲಕ್ಷ ಡಾಲರ್‌ಗಳ ರಾಜಿಯಾಯಿತು. ಬಹುಪಾಲು ಮಾಲೀಕರಿಗೆ ಸಿಕ್ಕಿದ್ದು ತಲಾ 625 ಡಾಲರ್. ಸುರಕ್ಷತೆಗಾಗಿ ಮಿತಿ ಹಾಕಿದ್ದು ತಪ್ಪೆನ್ನಲಾಗದು. ಆದರೆ ಹಣ ಕೊಟ್ಟು ಪಡೆದ ಓಟದ ದೂರವನ್ನು ಮಾಲೀಕನ ಸ್ಪಷ್ಟ ಒಪ್ಪಿಗೆಯಿಲ್ಲದೆ ಕುಗ್ಗಿಸಬಹುದೇ ಎಂಬ ಪ್ರಶ್ನೆಗೆ ರಾಜಿಯು ಉತ್ತರವಾಗಲಿಲ್ಲ.

ಇದೇ ಪ್ರಶ್ನೆಯ ಇನ್ನೊಂದು ಮಗ್ಗುಲು 2017ರ ಸೆಪ್ಟೆಂಬರಿನಲ್ಲಿ ಕಾಣಿಸಿಕೊಂಡಿತ್ತು. ಅಮೆರಿಕದ ಫ್ಲಾರಿಡಾ ರಾಜ್ಯಕ್ಕೆ ಇರ್ಮಾ ಚಂಡಮಾರುತ ಅಪ್ಪಳಿಸಲಿದ್ದಾಗ ಜನ ಊರು ತೊರೆದು ದೂರಕ್ಕೆ ಹೊರಟಿದ್ದರು. ಕಡಿಮೆ ಬೆಲೆಯ ಕೆಲವು ಟೆಸ್ಲಾ ಕಾರುಗಳಲ್ಲಿ 75 ಕಿಲೋವ್ಯಾಟ್ ಗಂಟೆಯ ಬ್ಯಾಟರಿಯೇ ಇದ್ದರೂ, 60ರಷ್ಟನ್ನು ಮಾತ್ರ ಬಳಸುವಂತೆ ತಂತ್ರಾಂಶದ ಬೀಗ ಹಾಕಲಾಗಿತ್ತು. ಕಂಪನಿ ಆ ಪ್ರದೇಶದ ಕಾರುಗಳ ಬೀಗವನ್ನು ತಾತ್ಕಾಲಿಕವಾಗಿ ದೂರದಿಂದಲೇ ತೆಗೆಯಿತು. ಸುಮಾರು 30ರಿಂದ 40 ಮೈಲಿ ಹೆಚ್ಚುವರಿ ದೂರ ಮಾಲೀಕರಿಗೆ ದೊರೆಯಿತು. ಆಪತ್ಕಾಲದಲ್ಲಿ ಇದು ಉಪಕಾರವೇ ಸರಿ. ಆದರೂ ತಮ್ಮದೇ ಗ್ಯಾರೇಜಿನಲ್ಲಿರುವ ಬ್ಯಾಟರಿಯ ಐದನೆಯ ಒಂದು ಭಾಗಕ್ಕೆ ಬೇರೊಬ್ಬರ ಕೈಯಲ್ಲಿ ಕೀಲಿಕೈ ಇದೆ ಎಂಬ ಸಂಗತಿ ಎಷ್ಟೋ ಮಂದಿಗೆ ಮನದಟ್ಟಾದದ್ದು ಆ ಉಪಕಾರದ ದಿನವೇ.

ನಿತ್ಯಬಳಕೆಯ ತೊಡಕುಗಳು ಬೇರೆ. 2021ರ ಡಿಸೆಂಬರಿನಲ್ಲಿ ಬಂದ 11ನೆಯ ಆವೃತ್ತಿಯು ಪರದೆಯ ವಿನ್ಯಾಸವನ್ನೇ ಬದಲಿಸಿತು. ಮೊದಲು ಒಮ್ಮೆ ಮುಟ್ಟಿದರೆ ಸಿಗುತ್ತಿದ್ದ ಗಾಜಿನ ಮಂಜು ತೆಗೆಯುವ ಗುಂಡಿ, ಆಸನ ಬೆಚ್ಚಗಾಗಿಸುವ ಗುಂಡಿಗಳು ಒಳಪುಟಕ್ಕೆ ಸರಿದವು. ಚಳಿನಾಡಿನ ಮಾಲೀಕರು ಬಲವಾಗಿ ಆಕ್ಷೇಪಿಸಿದರು. ಕಂಪನಿ ಮುಂದಿನ ಪರಿಷ್ಕರಣೆಗಳಲ್ಲಿ ಕೆಲವನ್ನು ಮರಳಿ ತಂದಿತು. ಹಳೆಯ ಆವೃತ್ತಿಗೆ ಹಿಂದಿರುಗುವ ದಾರಿ ಮಾತ್ರ ಮಾಲೀಕರಿಗೆ ಇಲ್ಲ. ಬೇಡವೆಂದು ಮುಂದೂಡಬಹುದು, ಒಮ್ಮೆ ಒಪ್ಪಿಕೊಂಡರೆ ಹಿಂದೆ ಸರಿಯುವಂತಿಲ್ಲ. ಕಾರು ಓಡಿಸುವವನ ಕೈಗೆ ಗುಂಡಿಯ ಸ್ಥಾನ ಕಣ್ಣು ಮುಚ್ಚಿದರೂ ತಿಳಿದಿರಬೇಕು. ಆ ಅಭ್ಯಾಸ ಕೂಡ ಸುರಕ್ಷತೆಯ ಒಂದು ಅಂಗ ಎಂಬ ಮಾಲೀಕರ ವಾದದಲ್ಲಿ ಹುರುಳಿದೆ.

ಕಾರಿನಲ್ಲಿ ಬ್ರೌಸರ್ ಏಕೆ?

ಓಡುವ ವಾಹನದಲ್ಲಿ ಅಂತರಜಾಲದ ಪುಟಗಳನ್ನು ನೋಡುವ ಅಗತ್ಯವೇನು ಎಂಬ ಸಂಶಯ ಸಹಜ. ವಿದ್ಯುತ್ ಕಾರಿನ ಸ್ವಭಾವದಲ್ಲಿಯೇ ಇದಕ್ಕೆ ಉತ್ತರವಿದೆ. ಪೆಟ್ರೋಲ್ ತುಂಬಿಸಲು ಐದು ನಿಮಿಷ ಸಾಕು. ದೂರಪ್ರಯಾಣದಲ್ಲಿ ಬ್ಯಾಟರಿ ತುಂಬಿಸಲು ಅತಿವೇಗದ ಚಾರ್ಜಿಂಗ್ ಕೇಂದ್ರದಲ್ಲಿಯೂ ಇಪ್ಪತ್ತು ಮೂವತ್ತು ನಿಮಿಷ ನಿಲ್ಲಬೇಕು. ಆ ಬಿಡುವಿನಲ್ಲಿ ಪತ್ರಿಕೆ ಓದಲು, ಮುಂದಿನ ಊರಿನ ಹವೆ ನೋಡಲು, ಹೋಟೆಲು ಹುಡುಕಲು ಬ್ರೌಸರ್ ಬೇಕಾಗುತ್ತದೆ.

ಎರಡನೆಯ ಕಾರಣ ಇನ್ನಷ್ಟು ಮಹತ್ವದ್ದು. ಕಾರಿನ ಪರದೆಯಲ್ಲಿ ಯಾವ ಅನ್ವಯಗಳು ಇರಬೇಕು ಎಂಬುದನ್ನು ತೀರ್ಮಾನಿಸುವುದು ಕಂಪನಿ. ಬ್ರೌಸರ್ ಒಂದೇ ಆ ಕೋಟೆಯಲ್ಲಿ ಮಾಲೀಕನಿಗಿರುವ ಹಿತ್ತಿಲ ಬಾಗಿಲು. ಪ್ರಯಾಣದ ನಡುವೆ ಎಲ್ಲೆಲ್ಲಿ, ಎಷ್ಟೆಷ್ಟು ಹೊತ್ತು ಚಾರ್ಜ್ ಮಾಡಬೇಕೆಂದು ಲೆಕ್ಕ ಹಾಕಿಕೊಡುವ ಎ ಬೆಟರ್ ರೂಟ್ ಪ್ಲ್ಯಾನರ್ ಎಂಬ ತಾಣವನ್ನು ಅನೇಕ ಟೆಸ್ಲಾ ಮಾಲೀಕರು ಕಾರಿನ ಬ್ರೌಸರಿನಲ್ಲಿಯೇ ತೆರೆದಿಟ್ಟುಕೊಳ್ಳುತ್ತಿದ್ದರು. ಕಂಪನಿ ಕೊಡದ ಸೌಲಭ್ಯವನ್ನು ಹೀಗೆ ತಾವೇ ಒದಗಿಸಿಕೊಳ್ಳುವ ಪರಿಪಾಠ ಬೆಳೆಯಿತು.

ಆದರೆ ಬ್ರೌಸರಿನ ವೇಗದ ಬಗ್ಗೆ ದೂರುಗಳು ಮೊದಲಿನಿಂದಲೂ ಇದ್ದವು. ಫೋನನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಿಸುವ ಜನ ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುತ್ತಾರೆ. ಅಂತರಜಾಲದ ಪುಟಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತ ಹೋಗುತ್ತವೆ. ಕಾರಿನ ಗಣಕ 2012ರದೇ ಆಗಿರುತ್ತದೆ. 2019ರ ಸುಮಾರಿಗೆ ಟೆಸ್ಲಾ ತನ್ನ ಹಳೆಯ ಬ್ರೌಸರನ್ನು ಬಿಟ್ಟು, ಗೂಗಲ್ ಕ್ರೋಮ್‌ಗೂ ಆಧಾರವಾಗಿರುವ ಕ್ರೋಮಿಯಂ ಎಂಬ ಮುಕ್ತ ತಂತ್ರಾಂಶಕ್ಕೆ ಬದಲಾಯಿಸಿತು. ಹೊಸ ಕಾರುಗಳಲ್ಲಿ ಸುಧಾರಣೆ ಕಂಡಿತು. ಹಳೆಯ ಗಣಕದ ಕಾರುಗಳಿಗೆ ತಂತ್ರಾಂಶದಿಂದ ಮಾತ್ರ ಪರಿಹಾರ ಸಾಧ್ಯವಿರಲಿಲ್ಲ. ಅವುಗಳ ಮಾಲೀಕರು ಬೇಕೆಂದರೆ ಹಣ ತೆತ್ತು ಗಣಕವನ್ನೇ ಬದಲಿಸಿಕೊಳ್ಳುವ ಅವಕಾಶವನ್ನು ಕಂಪನಿ 2020ರಲ್ಲಿ ಒದಗಿಸಿತು. ಮನೆಯ ಹೊರಗೆ ಮೊಬೈಲ್ ಜಾಲದಲ್ಲಿ ಬ್ರೌಸರ್ ಬಳಸಬೇಕಾದರೆ ತಿಂಗಳ ಚಂದಾ ಬೇರೆ. ವಸ್ತುವನ್ನು ಕೊಂಡ ಮೇಲೆ ಅದರ ಬಾಡಿಗೆಯನ್ನೂ ಕಟ್ಟುವ ಪದ್ಧತಿ ಹೀಗೆ ಕಾರಿನೊಳಕ್ಕೂ ಬಂದಿತು.

ತೆರೆದ ಬಾಗಿಲು

ಹಿತ್ತಿಲ ಬಾಗಿಲಿನಿಂದ ಮನೆಯವರು ಹೊರಗೆ ಹೋಗಬಹುದಾದರೆ ಕಳ್ಳರು ಒಳಗೂ ಬರಬಹುದು. ಎಲ್ಲಿಂದಲೋ ಬಂದ, ಯಾರೋ ಬರೆದ ಆದೇಶಗಳನ್ನು ತೆಗೆದುಕೊಂಡು ನಡೆಸುವುದೇ ಬ್ರೌಸರಿನ ಕೆಲಸ. ಆದ್ದರಿಂದ ದಾಳಿಕೋರರ ಕಣ್ಣು ಮೊದಲು ಬೀಳುವುದು ಅದರ ಮೇಲೆ.

2016ರಲ್ಲಿ ಚೀನಾದ ಟೆನ್ಸೆಂಟ್ ಕಂಪನಿಯ ಕೀನ್ ಭದ್ರತಾ ಪ್ರಯೋಗಾಲಯದವರು ಇದನ್ನು ಪ್ರಯೋಗದಿಂದ ತೋರಿಸಿದರು. ಅವರು ಸಿದ್ಧಪಡಿಸಿದ ವೈ-ಫೈ ಜಾಲಕ್ಕೆ ಮಾಡೆಲ್ ಎಸ್ ಕಾರು ಸೇರಿ, ಅದರ ಬ್ರೌಸರ್ ಪುಟವೊಂದನ್ನು ತೆರೆದಾಗ, ಬ್ರೌಸರಿನ ದೋಷದ ಮೂಲಕ ಪರದೆಯ ಗಣಕವನ್ನು ವಶಪಡಿಸಿಕೊಂಡರು. ಅಲ್ಲಿಂದ ಗೇಟ್‌ವೇಯನ್ನೂ ದಾಟಿ ಹನ್ನೆರಡು ಮೈಲಿ ದೂರದಿಂದ ಕಾರಿನ ಬ್ರೇಕ್ ಹಾಕಿಸಿದರು. ಅವರು ಈ ದೋಷವನ್ನು ಕಂಪನಿಗೆ ಮೊದಲೇ ಗೋಪ್ಯವಾಗಿ ತಿಳಿಸಿದ್ದರು. ಹತ್ತು ದಿನಗಳಲ್ಲಿ ಪರಿಷ್ಕರಣೆ ಹೊರಬಿತ್ತು. ಮೇಲೆ ಹೇಳಿದ ಮುದ್ರೆಯ ಪರಿಶೀಲನೆಯನ್ನು ಒಳಗಿನ ಗಣಕಗಳಿಗೂ ವಿಸ್ತರಿಸಿದ್ದು ಈ ಪ್ರಸಂಗದ ಫಲ.

2019ರ ಮಾರ್ಚಿನಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ನಡೆದ ಪ್ವನ್‌ಟುಓನ್ ಸ್ಪರ್ಧೆಯಲ್ಲಿ ರಿಚರ್ಡ್ ಝು ಮತ್ತು ಅಮತ್ ಕಾಮಾ ಎಂಬ ಇಬ್ಬರು ಮಾಡೆಲ್ 3 ಕಾರಿನ ಬ್ರೌಸರಿನ ದೋಷವೊಂದನ್ನು ಬಳಸಿ ಪರದೆಯ ಮೇಲೆ ತಮ್ಮ ಸಂದೇಶವನ್ನು ಮೂಡಿಸಿದರು. ಬಹುಮಾನವಾಗಿ 35,000 ಡಾಲರ್ ಮತ್ತು ಅದೇ ಕಾರು ಅವರಿಗೆ ದೊರೆಯಿತು. ಮೂರು ವರ್ಷಗಳ ಹಿಂದಿನ ಪ್ರಸಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಈ ಬಾರಿ ದಾಳಿ ಬ್ರೌಸರಿನ ಆವರಣದಲ್ಲಿಯೇ ನಿಂತಿತು. ಬ್ರೇಕು ಸ್ಟಿಯರಿಂಗುಗಳತ್ತ ಹೋಗಲಿಲ್ಲ. ಬ್ರೌಸರಿನಲ್ಲಿ ದೋಷವೇ ಇರದಂತೆ ಮಾಡಲು ಯಾರಿಂದಲೂ ಆಗದು. ದೋಷ ಸಿಕ್ಕಿದರೂ ಅದು ಮುಂದಿನ ಕೋಣೆಗೆ ದಾಟದಂತೆ ಗೋಡೆಗಳನ್ನು ಕಟ್ಟುವುದೇ ವಿವೇಕ. ಪರಿಷ್ಕರಣೆಯನ್ನು ತಿಂಗಳುಗಟ್ಟಲೆ ಮುಂದೂಡುವ ಮಾಲೀಕರು ಯೋಚಿಸಬೇಕಾದ ಸಂಗತಿಯೂ ಇದೇ. ಬೇಡವಾದ ವಿನ್ಯಾಸದ ಜತೆಗೆ ಬೇಕಾದ ರಕ್ಷಣೆಯೂ ಒಂದೇ ಪೊಟ್ಟಣದಲ್ಲಿ ಬರುತ್ತದೆ. ಎರಡನ್ನೂ ಬೇರ್ಪಡಿಸಿ ಕೊಡಿ ಎಂಬ ಅವರ ಬೇಡಿಕೆ ನ್ಯಾಯವಾದದ್ದಾದರೂ ಸಾಮಾನ್ಯವಾಗಿ ಈಡೇರುತ್ತಿಲ್ಲ.

ಬರೆದು ಬರೆದು ಸವೆದ ಸ್ಮೃತಿ

ತಂತ್ರಾಂಶಕ್ಕೆ ಸವಕಳಿಯಿಲ್ಲ ಎನ್ನುತ್ತಾರೆ. ಅದನ್ನು ಹೊತ್ತ ಭೌತವಸ್ತುವಿಗೆ ಇದೆ. ಆರಂಭದ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ಪರದೆಯ ಗಣಕದಲ್ಲಿ 8 ಗಿಗಾಬೈಟಿನ ಫ್ಲ್ಯಾಶ್ ಸ್ಮೃತಿಯ ಬಿಲ್ಲೆಯಿತ್ತು. ಇಂಥ ಬಿಲ್ಲೆಯ ಪ್ರತಿ ಕೋಶದಲ್ಲಿ ಸುಮಾರು 3,000 ಸಲ ಅಳಿಸಿ ಬರೆಯಬಹುದು. ಅನಂತರ ಅದು ಬರೆದದ್ದನ್ನು ಹಿಡಿದಿಟ್ಟುಕೊಳ್ಳದು. ಕಾರಿನ ತಂತ್ರಾಂಶವು ದಿನಚರಿಯ ದಾಖಲೆಗಳನ್ನು ಬಿಡುವಿಲ್ಲದೆ ಅದರಲ್ಲಿ ಬರೆಯುತ್ತಿತ್ತು. ಐದಾರು ವರ್ಷಗಳಲ್ಲಿ ಬಿಲ್ಲೆ ಸವೆದು ಪರದೆ ಕಪ್ಪಾಗತೊಡಗಿತು. ಪರದೆಯ ಜತೆಗೆ ಹಿಂಬದಿಯ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ನಿಯಂತ್ರಣ, ತಿರುವಿನ ಸೂಚನೆಯ ಸದ್ದು ಎಲ್ಲವೂ ಹೋದವು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತವು 2021ರ ಜನವರಿಯಲ್ಲಿ ಸುಮಾರು 1,58,000 ಕಾರುಗಳನ್ನು ಹಿಂಪಡೆಯುವಂತೆ ಪತ್ರ ಬರೆಯಿತು. ಮುಂದಿನ ತಿಂಗಳು ಕಂಪನಿ ಸುಮಾರು 1,35,000 ಕಾರುಗಳಿಗೆ ಬಿಲ್ಲೆ ಬದಲಿಸಲು ಒಪ್ಪಿತು. ಗಾಳಿಯಲ್ಲಿ ಬರುವ ಯಾವ ಪರಿಷ್ಕರಣೆಯೂ ಸವೆದ ಬಿಲ್ಲೆಯನ್ನು ಮತ್ತೆ ಹೊಸದಾಗಿಸಲಾರದು. ಆ ಕಾರುಗಳು ಹಳೆಯ ಕಾಲದ ವಾಹನಗಳಂತೆ ಗ್ಯಾರೇಜಿಗೇ ಹೋಗಬೇಕಾಯಿತು.

ಕಣ್ಣು ರಸ್ತೆಯ ಮೇಲಿರಲಿ

ದೊಡ್ಡ ಪರದೆ ಚಾಲಕನ ಗಮನವನ್ನು ಸೆಳೆಯುತ್ತದೆ ಎಂಬ ಆರೋಪ ಸುಳ್ಳಲ್ಲ. ಕಾರು ಓಡುತ್ತಿರುವಾಗಲೂ ಪರದೆಯ ಮೇಲೆ ಆಟವಾಡಬಹುದಾದ ಸೌಲಭ್ಯವೊಂದು ಟೆಸ್ಲಾ ಕಾರುಗಳಲ್ಲಿತ್ತು. ಅದು ಪ್ರಯಾಣಿಕರಿಗೆ ಮಾತ್ರ ಎಂಬ ಸೂಚನೆಯೂ ಇತ್ತು. 2021ರ ಡಿಸೆಂಬರಿನಲ್ಲಿ ಸುಮಾರು 5,80,000 ಕಾರುಗಳ ಬಗ್ಗೆ ಸುರಕ್ಷತಾ ಆಡಳಿತ ತನಿಖೆ ಆರಂಭಿಸಿದ ಮರುದಿನವೇ ಎಂಬಂತೆ ಕಂಪನಿ ಅದನ್ನು ಪರಿಷ್ಕರಣೆಯ ಮೂಲಕ ತಡೆಯಲು ಒಪ್ಪಿತು.

ಭಾಷೆಯ ವಿದ್ಯಾರ್ಥಿಗಳಿಗೆ ಇನ್ನೂ ಆಸಕ್ತಿಕರವಾದ ಪ್ರಸಂಗ 2024ರ ಫೆಬ್ರವರಿಯದು. ಬ್ರೇಕ್, ಪಾರ್ಕ್ ಮತ್ತು ಆ್ಯಂಟಿಲಾಕ್ ಬ್ರೇಕಿನ ಎಚ್ಚರಿಕೆಯ ಅಕ್ಷರಗಳು ಪರದೆಯ ಮೇಲೆ ನಿಯಮಕ್ಕಿಂತ ಸಣ್ಣದಾಗಿವೆ ಎಂದು ಕಂಡುಬಂದು, ಅಮೆರಿಕದಲ್ಲಿ ಸುಮಾರು 22 ಲಕ್ಷ ಕಾರುಗಳಿಗೆ ಹಿಂಪಡೆಯುವ ಕ್ರಮ ಅನ್ವಯವಾಯಿತು. ಅಕ್ಷರದ ಎತ್ತರ ಕನಿಷ್ಠ 3.2 ಮಿಲಿಮೀಟರ್ ಇರಬೇಕೆಂಬುದು ಅಲ್ಲಿನ ನಿಯಮ. ಒಂದು ಕಾರೂ ಗ್ಯಾರೇಜಿಗೆ ಬರಲಿಲ್ಲ. ಗಾಳಿಯಲ್ಲಿ ಬಂದ ಪರಿಷ್ಕರಣೆ ಅಕ್ಷರಗಳನ್ನು ಹಿಗ್ಗಿಸಿತು. ಅಕ್ಷರದ ಗಾತ್ರವೂ ಬ್ರೇಕಿನಷ್ಟೇ ಸುರಕ್ಷತೆಯ ವಿಷಯ ಎಂದು ಕಾನೂನು ಒಪ್ಪಿರುವುದು ಇಲ್ಲಿ ಸ್ಪಷ್ಟ.

ಹಿಂಪಡೆಯುವುದು ಎಂಬ ಮಾತಿನ ಅರ್ಥವೂ ಹೀಗೆ ಜಾರತೊಡಗಿದೆ. 1966ರ ಅಮೆರಿಕದ ವಾಹನ ಸುರಕ್ಷತಾ ಕಾಯಿದೆಯ ಕಾಲದಲ್ಲಿ ರೀಕಾಲ್ ಎಂದರೆ ಕಾರನ್ನು ಮರಳಿ ಕರೆಯುವುದು. ಈಗ ಕಾರು ನಿಂತಲ್ಲಿಯೇ ನಿಂತಿರುತ್ತದೆ, ಪದ ಮಾತ್ರ ಉಳಿದಿದೆ. ಆ ಪದವನ್ನು ಬಿಡಬೇಕೆಂದು ತಯಾರಕರು ವಾದಿಸುತ್ತಾರೆ. ಆದರೆ ಪದದ ಹಿಂದೆ ಹೊಣೆಗಾರಿಕೆಯಿದೆ: ದೋಷವಿತ್ತೆಂದು ಒಪ್ಪುವುದು, ಸರ್ಕಾರಕ್ಕೆ ಲಿಖಿತವಾಗಿ ತಿಳಿಸುವುದು, ಉಚಿತವಾಗಿ ಸರಿಪಡಿಸುವುದು. ಸಣ್ಣಪುಟ್ಟ ಸುಧಾರಣೆಗಳು ಎಂಬ ಒಂದು ಸಾಲಿನಲ್ಲಿ ಇದನ್ನು ಮುಚ್ಚಿಹಾಕಲು ಬಿಡಬಾರದು ಎಂಬ ಕಾರಣಕ್ಕೆ ಹಳೆಯ ಪದ ಉಳಿದಿರುವುದು ಒಳ್ಳೆಯದೇ. ಭಾರತದಲ್ಲಿಯೂ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ದೋಷಯುಕ್ತ ವಾಹನಗಳನ್ನು ಹಿಂಪಡೆಯುವಂತೆ ಆದೇಶಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ.

ಪರದೆಯ ಮೇಲೆ ಕನ್ನಡ

ಈ ಚರ್ಚೆ ಸಾಗರದಾಚೆಯದು ಮಾತ್ರವಲ್ಲ. ಟೆಸ್ಲಾದ ಭಾರತೀಯ ಅಂಗಸಂಸ್ಥೆ 2021ರ ಜನವರಿಯಲ್ಲಿ ನೋಂದಣಿಯಾದದ್ದು ಬೆಂಗಳೂರಿನಲ್ಲಿ. ಅದರ ಮೊದಲ ಮಳಿಗೆ 2025ರ ಜುಲೈಯಲ್ಲಿ ತೆರೆದದ್ದು ಮುಂಬಯಿಯಲ್ಲಿ. ಗಾಳಿಯ ಮೂಲಕ ಪರಿಷ್ಕರಣೆ ಪಡೆಯುವ ವಿದ್ಯುತ್ ಸ್ಕೂಟರುಗಳನ್ನು ತಯಾರಿಸುವ ಬೆಂಗಳೂರಿನ ಏಥರ್ ಕಂಪನಿಯ ಕಾರ್ಖಾನೆಯಿರುವುದು ತಮಿಳುನಾಡಿನ ಹೊಸೂರಿನಲ್ಲಿ, ಅಂದರೆ ಕರ್ನಾಟಕದ ಗಡಿಗೆ ಹೊಂದಿದ ಊರಿನಲ್ಲಿ. ಗಡಿಯಲ್ಲಿ ತಯಾರಾದ ವಾಹನ ಕನ್ನಡದಲ್ಲಿ ಮಾತನಾಡಬಲ್ಲುದೇ ಎಂಬ ಪ್ರಶ್ನೆ ಹೀಗಾಗಿ ದೂರದ್ದಲ್ಲ.

ತಾಂತ್ರಿಕವಾಗಿ ಇದಕ್ಕೆ ಎರಡು ಸಂಗತಿಗಳು ಬೇಕು. ಒಂದು, ಕನ್ನಡದ ಅಕ್ಷರರೂಪಗಳಿರುವ ಫಾಂಟು ಆ ಗಣಕದಲ್ಲಿರಬೇಕು. ಇಲ್ಲವಾದರೆ ಬ್ರೌಸರ್ ಪುಟದಲ್ಲಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತವೆ. ಇನ್ನೊಂದು, ಅಕ್ಷರಗಳನ್ನು ಜೋಡಿಸುವ ತಂತ್ರಾಂಶವಿರಬೇಕು. ಕನ್ನಡವು 1991ರಲ್ಲಿಯೇ ಯುನಿಕೋಡಿನ ಮೊದಲ ಆವೃತ್ತಿಯಲ್ಲಿ ಸೇರಿದೆ. ಆದರೆ ಯುನಿಕೋಡ್ ಸಂಗ್ರಹಿಸುವುದು ಬಿಡಿ ಸಂಕೇತಗಳನ್ನು. ಸ್ತ್ರೀ ಎಂಬ ಒಂದು ಅಕ್ಷರದ ಹಿಂದೆ ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಗುರುತು ಹೀಗೆ ಆರು ಸಂಕೇತಗಳಿವೆ. ಇವನ್ನು ಕೂಡಿಸಿ ಒತ್ತಕ್ಷರಗಳನ್ನು ಕೆಳಗಿಳಿಸಿ ಚಿತ್ರಿಸುವುದು ಜೋಡಣೆಯ ತಂತ್ರಾಂಶದ ಕೆಲಸ. ಮಾರ್ಗ ಎಂಬ ಪದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಇದೆ, ಸಂಕೇತಗಳ ಕ್ರಮವೂ ಒಂದೇ. ಆದರೆ ಮರಾಠಿಯ ಲಿಪಿಯಲ್ಲಿ ರಕಾರ ಗಕಾರದ ನೆತ್ತಿಗೇರುತ್ತದೆ. ಕನ್ನಡದಲ್ಲಿ ಅರ್ಕಾವತ್ತಾಗಿ ಪಕ್ಕಕ್ಕೆ ಬರುತ್ತದೆ. ಈ ಭೇದವನ್ನು ಅರಿಯದ ಗಣಕ ಎರಡು ಲಿಪಿಗಳನ್ನೂ ಕೆಡಿಸುತ್ತದೆ. ಎಚ್ಚರಿಕೆಯ ಅಕ್ಷರಕ್ಕೆ ಎತ್ತರದ ಮಿತಿಯನ್ನು ಇಂಗ್ಲಿಷಿನ ದೊಡ್ಡಕ್ಷರಗಳನ್ನು ಮನಸ್ಸಿನಲ್ಲಿಟ್ಟು ವಿಧಿಸಿದರೆ, ಒತ್ತಕ್ಷರವು ಅದರ ಅರ್ಧ ಗಾತ್ರಕ್ಕೆ ಇಳಿದು ಓದಲಾಗದೆ ಹೋಗಬಹುದು. ನಿಯಮ ರೂಪಿಸುವವರಿಗೆ ಇದನ್ನು ತಿಳಿಸಿಹೇಳಬೇಕಾದವರು ಲಿಪಿ ಬಲ್ಲವರೇ.

ಪದಗಳ ವಿಷಯವೂ ಇದೆ. ಮರಾಠಿಗರು ಅಪ್‌ಡೇಟ್ ಆದದ್ದನ್ನು ಅದ್ಯಯಾವತ್ ಎನ್ನುತ್ತಾರೆ. ಗಣಕದ ಆದೇಶಗಳ ಸಾಲಿಗೆ ಆಜ್ಞಾವಲಿ ಎಂಬ ಸೊಗಸಾದ ಪದವೂ ಅವರಲ್ಲಿದೆ. ಕನ್ನಡದಲ್ಲಿ ತಂತ್ರಾಂಶ ನೆಲೆನಿಂತಿದೆ. ಅಪ್‌ಡೇಟಿಗೆ ಪರಿಷ್ಕರಣೆ, ನವೀಕರಣ ಎರಡೂ ನಡೆಯುತ್ತವೆ. ಎರಡಕ್ಕೂ ಅರ್ಥಚ್ಛಾಯೆಯಲ್ಲಿ ಭೇದವಿದೆ. ನವೀಕರಣ ಹೊಸದನ್ನಾಗಿಸುತ್ತದೆ, ಪರಿಷ್ಕರಣೆ ದೋಷವನ್ನು ತಿದ್ದುತ್ತದೆ. ಕಾರು ಕಳಿಸುವ ಸೂಚನೆಯಲ್ಲಿ ಇವೆರಡನ್ನು ಬೇರೆಬೇರೆಯಾಗಿ ಬಳಸಿದರೆ, ಬಂದದ್ದು ಹೊಸ ಅಲಂಕಾರವೋ ಹಳೆಯ ದೋಷದ ನಿವಾರಣೆಯೋ ಎಂಬುದು ಮೊದಲ ಪದದಲ್ಲಿಯೇ ಮಾಲೀಕನಿಗೆ ತಿಳಿದೀತು.

ನಿಯಮ ಮತ್ತು ನಾಗರಿಕ

ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ ವೇದಿಕೆಯು 2020ರ ಜೂನಿನಲ್ಲಿ ಎರಡು ನಿಯಮಗಳನ್ನು ಅಂಗೀಕರಿಸಿತು. 155ನೆಯದು ವಾಹನಗಳ ಸೈಬರ್ ಭದ್ರತೆಗೆ, 156ನೆಯದು ತಂತ್ರಾಂಶ ಪರಿಷ್ಕರಣೆಗೆ ಸಂಬಂಧಿಸಿದವು. ಯುರೋಪ್ ಒಕ್ಕೂಟದಲ್ಲಿ 2022ರ ಜುಲೈಯಿಂದ ಹೊಸ ಮಾದರಿಗಳಿಗೆ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ವಾಹನಗಳಿಗೆ ಇವು ಕಡ್ಡಾಯವಾದವು. ಯಾವ ವಾಹನದಲ್ಲಿ ಯಾವ ಆವೃತ್ತಿಯಿದೆ ಎಂಬ ದಾಖಲೆ, ಪರಿಷ್ಕರಣೆಗೆ ಮುನ್ನ ಮಾಲೀಕನಿಗೆ ಮಾಹಿತಿ, ಅರ್ಧಕ್ಕೆ ನಿಂತರೆ ಸುರಕ್ಷಿತ ಸ್ಥಿತಿಗೆ ಮರಳುವ ವ್ಯವಸ್ಥೆ, ಇವು 156ನೆಯ ನಿಯಮದ ಮುಖ್ಯ ಅಂಶಗಳು.

ವಿದ್ಯುತ್ ವಾಹನ ಕೊಳ್ಳಲು ಹೊರಟವರು ಬೆಲೆ, ಬ್ಯಾಟರಿ, ಓಟದ ದೂರಗಳ ಜತೆಗೆ ಇನ್ನು ಕೆಲವು ಪ್ರಶ್ನೆಗಳನ್ನು ಮಳಿಗೆಯಲ್ಲಿ ಕೇಳುವುದು ಲೇಸು. ಭದ್ರತೆಯ ಪರಿಷ್ಕರಣೆಗಳು ಎಷ್ಟು ವರ್ಷ ಬರುತ್ತವೆ? ಚಂದಾ ನಿಲ್ಲಿಸಿದರೆ ಯಾವ ಸೌಲಭ್ಯ ನಿಲ್ಲುತ್ತದೆ? ಬ್ಯಾಟರಿಗೆ ತಂತ್ರಾಂಶದ ಬೀಗವಿದೆಯೇ? ವಾಹನವನ್ನು ಇನ್ನೊಬ್ಬರಿಗೆ ಮಾರಿದರೆ ಹಣ ಕೊಟ್ಟು ಪಡೆದ ಸೌಲಭ್ಯ ಅವರಿಗೂ ಸಲ್ಲುತ್ತದೆಯೇ? ಪ್ರತಿ ಬದಲಾವಣೆಯ ವಿವರ ಓದಬಲ್ಲ ಭಾಷೆಯಲ್ಲಿ ಸಿಗುತ್ತದೆಯೇ? ಕೇಳದೆ ಕೊಂಡರೆ, ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ದುಬಾರಿ ಬೆಲೆಯಲ್ಲಿ ನಿಜವಾದೀತು.

ಟ್ರ್ಯಾಕ್ಟರು, ಹೊಲಿಗೆ ಯಂತ್ರ, ಮನೆಯ ವಿದ್ಯುತ್ ಮೀಟರುಗಳೂ ಇದೇ ದಾರಿ ಹಿಡಿದಿವೆ. ವಸ್ತು ಮನೆಯಲ್ಲಿ, ಅದರ ಮನಸ್ಸು ಕಂಪನಿಯಲ್ಲಿ ಎಂಬ ಸ್ಥಿತಿ ಸಾಮಾನ್ಯವಾಗಲಿರುವ ಕಾಲದಲ್ಲಿ, ಪರಿಷ್ಕರಣೆಯ ಸೂಚನೆಯನ್ನು ಓದಿ, ಅರ್ಥಮಾಡಿಕೊಂಡು, ಒಪ್ಪುವ ಗುಂಡಿಯನ್ನು ಒತ್ತುವುದು ಸಾಕ್ಷರತೆಯ ಹೊಸದೊಂದು ಪಾಠವಾಗಿದೆ. ಆ ಸೂಚನೆಯನ್ನು ಸ್ಪಷ್ಟವಾದ ಕನ್ನಡದಲ್ಲಿ ಬರೆಯಬಲ್ಲವರನ್ನು ಸಿದ್ಧಗೊಳಿಸುವುದು ಕನ್ನಡ ವಿಭಾಗಗಳ ಮುಂದಿರುವ ಕೆಲಸಗಳಲ್ಲೊಂದು.